ಲೋಕಕ್ಕೆಲ್ಲ ಒಂದೇ ಸರಕಾರ: ಗುಣದೋಷ ವಿಚಾರ

ಒಂದು ಊರಿನಲ್ಲಿ ಇಬ್ಬರು ರೈತರಿಗೆ ಹೊಲದ ಬದುವಿನ ವಿಷಯವಾಗಿ ವ್ಯಾಜ್ಯವುಂಟಾದರೆ ಅವರು ಮೊದಲು ಊರ ಹಿರಿಯರ ಬಳಿಗೆ ಹೋಗುವರು. ಅಲ್ಲಿ ತೀರದಿದ್ದರೆ ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತುವರು. ಎರಡು ರಾಜ್ಯಗಳಿಗೆ ಹೊಳೆಯ ನೀರಿನ ವಿಷಯವಾಗಿ ವ್ಯಾಜ್ಯವುಂಟಾದಾಗಲೂ ಹೀಗೆಯೇ. ಕಾವೇರಿಯ ನೀರಿಗಾಗಿ ನಮ್ಮ ನಾಡಿಗೂ ತಮಿಳುನಾಡಿಗೂ ನಡೆದ ವಿವಾದವು ೧೯೯೦ರಲ್ಲಿ ರಚಿತವಾದ ನ್ಯಾಯಮಂಡಲಿಯ ಮುಂದೆ ಹೋಗಿ, ೨೦೦೭ರಲ್ಲಿ ಅದರ ತೀರ್ಪನ್ನೂ ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನೂ ಕಂಡಿತು. ಆ ತೀರ್ಪುಗಳು ಎಲ್ಲರಿಗೂ ರುಚಿಸಿದುವೆಂದು ಹೇಳಲಾಗದು. ನಡುನಡುವೆ ಬೀದಿಗಳಲ್ಲಿ ಗಲಭೆಗಳೂ ಆದುವು. ಆದರೂ ಬೆಂಗಳೂರಿನಿಂದಾಗಲಿ ಚೆನ್ನೈಯಿಂದಾಗಲಿ ಸೈನ್ಯವು ಹೊರಡಲಿಲ್ಲ. ಇಬ್ಬರಿಗೂ ಮೇಲೆ ಒಂದು ಧರ್ಮಪೀಠವಿದ್ದುದೇ ಇದಕ್ಕೆ ಕಾರಣವು.

ರಾಷ್ಟ್ರಕ್ಕೂ ರಾಷ್ಟ್ರಕ್ಕೂ ವ್ಯಾಜ್ಯವುಂಟಾದಾಗಲಾದರೋ ಈ ಮೆಟ್ಟಿಲುಗಳ ಸಾಲು ತಟಕ್ಕನೆ ಮುಗಿದುಹೋಗುವುದು. ಅಲ್ಲಿಂದ ಮುಂದೆ ಬಹುಮಟ್ಟಿಗೆ ಬಲವೇ ಪ್ರಮಾಣ. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಈ ಸ್ಥಿತಿಯನ್ನು ನಮ್ಮ ಶಾಸ್ತ್ರಕಾರರು ಮಾತ್ಸ್ಯನ್ಯಾಯವೆಂದು ಕರೆದರು. ಇದನ್ನು ಕೊನೆಗಾಣಿಸಲು ಲೋಕಕ್ಕೆಲ್ಲ ಒಂದೇ ಸರಕಾರವಿರಬೇಕೆಂದು ಹೇಳುವವರು ಬಹುಕಾಲದಿಂದಲೂ ಇರುವರು. ಅವರೆಲ್ಲರೂ ಹಗಲುಗನಸು ಕಾಣುವವರಲ್ಲ. ೧೯೪೨ನೆಯ ಇಸವಿ ಆಗಸ್ಟ್ ೮ರಂದು ಮುಂಬಯಿಯಲ್ಲಿ ಕಾಂಗ್ರೆಸ್ಸು ಅಂಗೀಕರಿಸಿದ ‘ಭಾರತ ಬಿಟ್ಟು ತೊಲಗಿ’ ನಿರ್ಣಯದಲ್ಲಿಯೇ, ಮುಂದಿನ ಲೋಕಶಾಂತಿಗೆ ಸ್ವತಂತ್ರ ರಾಷ್ಟ್ರಗಳ ಜಗದೊಕ್ಕೂಟವೊಂದು ಅವಶ್ಯಕವೆಂಬ ಮಾತುಂಟು. ಪರಮಾಣು ಬಾಂಬಿನ ಪರಿಣಾಮವನ್ನು ಕಂಡು ಕಳವಳಗೊಂಡ ವಿಜ್ಞಾನಿ ಐನ್‌ಸ್ಟೈನರೂ ೧೯೪೫ರಿಂದ ಮುಂದೆ ಇದನ್ನೇ ಸಾರಿದರು. ಈ ಮಾತು ಎಷ್ಟರಮಟ್ಟಿಗೆ ಯುಕ್ತ, ಎಲ್ಲಿ ಅಪಾಯಕರ ಎಂಬುದನ್ನು ಗೃಹಸ್ಥರಾದ ನಾವೂ ವಿಚಾರಿಸತಕ್ಕದ್ದು. ಯುದ್ಧದಲ್ಲಿ ಮಗನನ್ನು ಕಳೆದುಕೊಳ್ಳುವುದೂ, ಧಾನ್ಯದ ಬೆಲೆ ಏರಿದಾಗ ತಲ್ಲಣಿಸುವುದೂ ಕೊನೆಗೆ ಗೃಹಸ್ಥರ ಪಾಲಿಗೇ ಬರುವುದಷ್ಟೆ.

ಮಹಾಭಾರತದ ಶಾಂತಿಪರ್ವದಲ್ಲಿ ಎರಡು ಕಥೆಗಳಿವೆ. ಈ ಪ್ರಶ್ನೆಯ ಎರಡು ಮುಖಗಳೂ ಅವುಗಳಲ್ಲಿ ಕಾಣಬರುವುವು. ಮೊದಲನೆಯದು ಮನುವಿನದು. ಅರಸನಿಲ್ಲದ ಕಾಲದಲ್ಲಿ ಜನರು ನೀರಿನ ಮೀನುಗಳಂತೆ ಒಬ್ಬರನ್ನೊಬ್ಬರು ನುಂಗುತ್ತಿದ್ದರು. ಅದರಿಂದ ಬೇಸತ್ತು ತಮ್ಮೊಳಗೆ ಒಂದು ಒಪ್ಪಂದವನ್ನು ಮಾಡಿಕೊಂಡರು. ಆದರೆ ಕಾಯುವವನಿಲ್ಲದ ಒಪ್ಪಂದದಿಂದ ಸುಖವು ದೊರೆಯಲಿಲ್ಲ. ಆಗ ಅವರು ಬ್ರಹ್ಮನನ್ನು ಮೊರೆಹೊಗಲು, ಆತನು ಮನುವನ್ನು ತೋರಿಸಿದನು. ಮನುವು ಒಪ್ಪಲಿಲ್ಲ, ಸುಳ್ಳುನಡತೆಯ ಮನುಷ್ಯರನ್ನು ಆಳುವುದು ಕಷ್ಟವೆಂದೂ ಪಾಪಕ್ಕೆ ಅಂಜುವೆನೆಂದೂ ಹೇಳಿದನು. ಜನರು ಅವನಿಗೆ ಧೈರ್ಯಹೇಳಿ, ಪಶುಗಳಲ್ಲಿಯೂ ಹೊನ್ನಿನಲ್ಲಿಯೂ ಐವತ್ತರಲ್ಲೊಂದು ಪಾಲನ್ನು, ಧಾನ್ಯದಲ್ಲಿ ಹತ್ತರಲ್ಲೊಂದು ಪಾಲನ್ನು ಕೊಡುವೆವೆಂದು ಮಾತುಕೊಟ್ಟ ಮೇಲೆ ಅವನು ಅರಸನಾದನು.

ಎರಡನೆಯದು ವೇನನ ಕಥೆ. ಇವನು ರಾಗದ್ವೇಷಗಳಿಗೆ ವಶನಾಗಿ ಪ್ರಜೆಗಳಲ್ಲಿ ಅಧರ್ಮದಿಂದ ನಡೆದನು. ಋಷಿಗಳು ಮಂತ್ರಿಸಿದ ದರ್ಭೆಗಳಿಂದಲೇ ಅವನನ್ನು ಸಂಹರಿಸಿ, ಅವನ ಬಲಗೈಯನ್ನು ಮಥಿಸಲು ಪೃಥುವು ಹುಟ್ಟಿದನು. ಪಟ್ಟಕಟ್ಟುವ ಮೊದಲು ದೇವತೆಗಳೂ ಋಷಿಗಳೂ ಪೃಥುವಿನಿಂದ ಪ್ರತಿಜ್ಞೆ ಮಾಡಿಸಿದರು; ಪ್ರಿಯರು ಅಪ್ರಿಯರು ಎಂಬ ಭೇದವನ್ನೆಣಿಸದೆ ಧರ್ಮದಂತೆ ನಡೆಯಬೇಕೆಂಬುದೇ ಅದರ ಸಾರ. ಮನುವಿನ ಕಥೆಯಿಂದ ಒಡೆಯನು ಏಕೆ ಬೇಕೆಂಬುದು ತಿಳಿಯುವುದು. ವೇನನ ಕಥೆಯಿಂದ ಒಡೆಯನಿಗೆ ಎಂಥ ಕಟ್ಟುಪಾಡು ಬೇಕೆಂಬುದು ತಿಳಿಯುವುದು. ಈ ನೂರು ವರ್ಷಗಳ ಲೋಕವ್ಯವಹಾರವನ್ನು ಇವೆರಡರ ಬೆಳಕಿನಲ್ಲಿ ನೋಡೋಣ.

ಮೊದಲನೆಯ ಮಹಾಯುದ್ಧದ ತರುವಾಯ, ೧೯೨೦ನೆಯ ಜನವರಿ ೧೦ರಂದು, ರಾಷ್ಟ್ರಸಂಘವು ಅಸ್ತಿತ್ವಕ್ಕೆ ಬಂದಿತು. ಜಿನೀವಾ ಅದರ ಪೀಠ. ಪರಾಧೀನವಾಗಿದ್ದರೂ ಭಾರತವು ಅದರ ಮೂಲಸದಸ್ಯರಲ್ಲಿ ಒಂದು. ಅದನ್ನು ಕಟ್ಟಲು ಮುಂದಾದ ಅಧ್ಯಕ್ಷ ವಿಲ್ಸನ್ನರ ಅಮೆರಿಕಾ ದೇಶವೇ ಅದನ್ನು ಸೇರಲಿಲ್ಲ. ಮುಖ್ಯ ವಿಷಯಗಳಲ್ಲಿ ಎಲ್ಲರೂ ಒಮ್ಮತದಿಂದಿದ್ದರಲ್ಲದೆ ಸಂಘವು ನಿರ್ಣಯ ಮಾಡುವಂತಿರಲಿಲ್ಲ. ಮಾಡಿದರೂ ನಡೆಯಿಸಲು ಅದರ ಬಳಿ ಒಬ್ಬ ಸಿಪಾಯಿಯೂ ಇರಲಿಲ್ಲ. ೧೯೩೧ರಲ್ಲಿ ಜಪಾನು ಮಂಚೂರಿಯವನ್ನು ಆಕ್ರಮಿಸಿತು. ಸಂಘವು ವಿಚಾರಣೆ ನಡೆಯಿಸಿ ೧೯೩೩ರಲ್ಲಿ ಅದು ತಪ್ಪೆಂದಿತು. ಜಪಾನು ಎದ್ದು ಹೊರಟುಹೋಯಿತು. ೧೯೩೫ರ ಅಕ್ಟೋಬರಿನಲ್ಲಿ ಇಟಲಿಯು ಅಬಿಸೀನಿಯದ ಮೇಲೆ ಏರಿಹೋಯಿತು. ಇಟಲಿಯೊಡನೆ ವ್ಯಾಪಾರವನ್ನು ನಿಲ್ಲಿಸುವೆವೆಂದು ರಾಷ್ಟ್ರಗಳು ನಿಶ್ಚಯಿಸಿದುವು. ಆದರೆ ಯುದ್ಧಕ್ಕೆ ಮುಖ್ಯವಾದ ಎಣ್ಣೆಯನ್ನೇ ಆ ಪಟ್ಟಿಯಿಂದ ಬಿಟ್ಟರು. ಮರುವರ್ಷ ಜೂನಿನಲ್ಲಿ, ರಾಜ್ಯವನ್ನು ಕಳೆದುಕೊಂಡ ಚಕ್ರವರ್ತಿ ಹೈಲೆ ಸೆಲಾಸಿಯು ತಾನೇ ಜಿನೀವಾಕ್ಕೆ ಬಂದು ಸಭೆಯ ಮುಂದೆ ಮೊರೆಯಿಟ್ಟನು. ಜುಲೈಯಲ್ಲಿ ಇದ್ದಬದ್ದ ನಿರ್ಬಂಧಗಳನ್ನೂ ಎತ್ತಿಬಿಟ್ಟರು. ಕಾಯುವವನಿಲ್ಲದ ಒಪ್ಪಂದವೆಂದರೆ ಇದೇ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ೧೯೪೬ರಲ್ಲಿ, ಸಂಘವನ್ನು ವಿಸರ್ಜಿಸಲಾಯಿತು.

ಅದರ ಸ್ಥಾನಕ್ಕೆ ಬಂದುದು ವಿಶ್ವಸಂಸ್ಥೆ. ೧೯೪೫ನೆಯ ಜೂನ್ ೨೬ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ೫೦ ರಾಷ್ಟ್ರಗಳು ಅದರ ಸನ್ನದಿಗೆ ಸಹಿ ಮಾಡಿದುವು. ಭಾರತದ ನಿಯೋಗದ ನಾಯಕರಾಗಿ ಹೋಗಿದ್ದವರು ಸರ್ ಎ. ರಾಮಸ್ವಾಮಿ ಮೊದಲಿಯಾರರು, ಮರುವರ್ಷವೇ ಮೈಸೂರಿನ ದಿವಾನರಾಗಿ ಬಂದು, ಆ ಪದವಿಯಲ್ಲಿ ಕಡೆಯವರಾದವರು ಅವರೇ. ಈ ಸಂಸ್ಥೆಗೆ ಹಲ್ಲು ಇರಬೇಕೆಂದು ಸನ್ನದಿನಲ್ಲಿ ಏರ್ಪಾಡು ಮಾಡಿದ್ದರು. ಭದ್ರತಾ ಮಂಡಲಿಯ ನಿರ್ಣಯಗಳು ಎಲ್ಲ ಸದಸ್ಯರಿಗೂ ಬದ್ಧವಾದುವು. ಅವನ್ನು ನಡೆಯಿಸಲು ರಾಷ್ಟ್ರಗಳು ಸೈನ್ಯವನ್ನು ಒದಗಿಸಬೇಕೆಂದೂ ಬರೆಯಿತು. ಆದರೆ ಸೈನ್ಯದ ಬಗೆಗಿನ ಒಪ್ಪಂದಗಳು ಈವರೆಗೂ ಆಗಲಿಲ್ಲ. ಮಂಡಲಿಯಲ್ಲಿ ಅಮೆರಿಕಾ, ರಷ್ಯಾ, ಚೀನಾ, ಬ್ರಿಟನ್ನು, ಫ್ರಾನ್ಸು ಈ ಐವರಿಗೆ ವೀಟೋ ಎಂಬ ನಿಷೇಧಾಧಿಕಾರವುಂಟು. ಒಬ್ಬರು ಕೈಯೆತ್ತಿದರೆ ಉಳಿದ ಹದಿನಾಲ್ವರ ಮಾತೂ ವ್ಯರ್ಥ.

೧೯೫೦ನೆಯ ಜೂನಿನಲ್ಲಿ ಕೊರಿಯಾ ಯುದ್ಧವು ಹೊತ್ತಿದಾಗ ಆ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದವರು ಮಂಗಳೂರಿನ ಬೆನಗಲ್ ಮನೆತನದ ಸರ್ ಬೆನಗಲ್ ನರಸಿಂಗರಾಯರು. ನಮ್ಮ ಸಂವಿಧಾನರಚನೆಗೆ ಸಲಹೆಗಾರರಾಗಿದ್ದ ಮಹನೀಯರು, ಮುಂದೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದವರು. ಆಗ ಮಂಡಲಿಯು ಬೇಗನೆ ನಿರ್ಣಯ ಮಾಡಲು ಸಾಧ್ಯವಾಯಿತು. ಹೇಗೆಂದರೆ, ಚೀನಾದ ಪೀಠವು ಯಾರಿಗೆ ಸೇರಬೇಕೆಂಬ ಜಗಳದಿಂದ ರಷ್ಯಾದ ಪ್ರತಿನಿಧಿಯು ಜನವರಿಯಿಂದಲೇ ಸಭೆಗೆ ಬರುವುದನ್ನು ಬಿಟ್ಟಿದ್ದನು. ಆಗಸ್ಟಿನಲ್ಲಿ ಅವನು ಹಿಂದಿರುಗಿದೊಡನೆ ಮಂಡಲಿಯ ಕೈ ಕಟ್ಟಿಹೋಯಿತು. ಒಬ್ಬನು ಮನೆಯಲ್ಲಿಲ್ಲದಿದ್ದಾಗ ಮಾತ್ರ ನಡೆಯುವ ಸಂಸಾರವನ್ನು ಸಂಸಾರವೆನ್ನಬಹುದೇ?

ಇನ್ನು ಬೊಕ್ಕಸದ ಮಾತು. ೨೦೨೫ನೆಯ ಸಾಲಿಗೆ ವಿಶ್ವಸಂಸ್ಥೆಯ ಸಾಮಾನ್ಯ ಆಯವ್ಯಯವು, ಶಾಂತಿಪಾಲನೆಯ ಪಡೆಗಳ ಖರ್ಚನ್ನು ಬಿಟ್ಟು, ಸುಮಾರು ೩೭೨ ಕೋಟಿ ಡಾಲರುಗಳು. ೨೦೨೪ರಲ್ಲಿ ರಾಷ್ಟ್ರಗಳೆಲ್ಲ ಸೇರಿ ಸೈನ್ಯಗಳಿಗೆ ವೆಚ್ಚಮಾಡಿದ ಹಣ ಸುಮಾರು ೨ ಲಕ್ಷ ೭೦ ಸಾವಿರ ಕೋಟಿ ಡಾಲರುಗಳು. ಮನುವಿಗೆ ಐವತ್ತರಲ್ಲೊಂದು ಪಾಲು ಸಂದಿತು. ಇಲ್ಲಿ ಕತ್ತಿಗೆ ಸುರಿಯುವ ಹಣದ ಏಳುನೂರರಲ್ಲೊಂದು ಪಾಲೂ ಒಪ್ಪಂದಕ್ಕೆ ಸಲ್ಲುತ್ತಿಲ್ಲ.

ಇದರಿಂದ ಆಗಿರುವ ನಷ್ಟವು ಅಲ್ಪವಲ್ಲ. ೧೯೪೬ನೆಯ ಜೂನಿನಲ್ಲಿ ಅಮೆರಿಕಾದ ಪ್ರತಿನಿಧಿ ಬರೂಕರು, ಅಪಾಯಕರವಾದ ಪರಮಾಣು ಕಾರ್ಯಗಳನ್ನೆಲ್ಲ ಒಂದು ಅಂತರರಾಷ್ಟ್ರೀಯ ಅಧಿಕಾರಕ್ಕೆ ಒಪ್ಪಿಸಬೇಕೆಂದೂ, ತಪ್ಪಿನಡೆದವರನ್ನು ಶಿಕ್ಷಿಸುವಲ್ಲಿ ವೀಟೋ ಇರಕೂಡದೆಂದೂ ಸೂಚಿಸಿದರು. ಮೊದಲು ಇರುವ ಬಾಂಬುಗಳನ್ನು ನಾಶಮಾಡಿರೆಂದು ರಷ್ಯಾ ಕೇಳಿತು. ಮೊದಲು ಕಾವಲು ಏರ್ಪಡಲೆಂದು ಅಮೆರಿಕಾ ಹೇಳಿತು. ಅಪನಂಬಿಕೆಯಲ್ಲಿ ಮಾತು ಮುರಿಯಿತು. ೧೯೪೯ರಲ್ಲಿ ರಷ್ಯಾದ ಬಾಂಬೂ ಸಿಡಿಯಿತು. ಈಗ ಒಂಬತ್ತು ರಾಷ್ಟ್ರಗಳ ಕೈಯಲ್ಲಿ ೧೨ ಸಾವಿರಕ್ಕೂ ಮಿಕ್ಕ ಪರಮಾಣು ಸಿಡಿತಲೆಗಳಿವೆ. ಆ ಒಂಬತ್ತರಲ್ಲಿ ನಾವೂ ಒಬ್ಬರು. ಲೋಕಸರಕಾರವನ್ನು ಬಯಸುವವರ ವಾದಕ್ಕೆ ಇದಕ್ಕಿಂತ ಬಲವಾದ ಆಧಾರವಿಲ್ಲ.

ಹಾಗಾದರೆ ಇಂದೇ ಒಬ್ಬ ಮನುವನ್ನು ಪಟ್ಟಕ್ಕೆ ಕೂಡಿಸಬಾರದೇಕೆ? ಇಲ್ಲಿ ವೇನನ ಕಥೆಯನ್ನು ನೆನೆಯಬೇಕು. ವೇನನನ್ನು ತಡೆಯಲು ಋಷಿಗಳು ಅವನ ಅಧಿಕಾರದ ಹೊರಗೆ ನಿಂತಿದ್ದರು. ಲೋಕಕ್ಕೆಲ್ಲ ಒಂದೇ ಸರಕಾರವಾದ ಮೇಲೆ ಹೊರಗೆ ಎಂಬುದು ಎಲ್ಲಿಯದು? ಲೋಕಸರಕಾರವನ್ನು ಬೇಡಿದ ಐನ್‌ಸ್ಟೈನರ ಜೀವನವೇ ಇದಕ್ಕೆ ನಿದರ್ಶನ. ೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದಾಗ ಅವರು ಜರ್ಮನಿಯನ್ನು ತೊರೆದು ಅಮೆರಿಕಾದಲ್ಲಿ ನೆಲೆಸಿದರು. ಹಿಟ್ಲರನ ಆಜ್ಞೆ ನಡೆಯದ ಇನ್ನೊಂದು ದೇಶವಿದ್ದುದರಿಂದ ಅವರು ಬದುಕಿದರು. ನಮ್ಮಲ್ಲಿಯೇ ನೋಡಿರಿ: ೧೯೫೯ರ ತರುವಾಯ ಟಿಬೆಟ್ಟಿನಿಂದ ಓಡಿಬಂದ ಜನರು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಹೊಲಮನೆಗಳನ್ನು ಮಾಡಿಕೊಂಡು, ತಮ್ಮ ವಿಹಾರಗಳನ್ನು ಕಟ್ಟಿಕೊಂಡು ಬಾಳುತ್ತಿರುವರು. ಗಡಿಯೆಂಬುದು ಜಗಳಕ್ಕೆ ಕಾರಣವೆಂಬುದು ದಿಟ. ಓಡಿಬಂದವನಿಗೆ ಅದೇ ಆಸರೆಯೆಂಬುದೂ ಅಷ್ಟೇ ದಿಟ. ಬೇಲಿಯೇ ಎದ್ದು ಹೊಲವನ್ನು ಮೇಯುವಾಗ, ಪಕ್ಕದಲ್ಲಿ ಇನ್ನೊಂದು ಹೊಲವಾದರೂ ಇರಬೇಕಷ್ಟೆ. ಜರ್ಮನಿಯ ತತ್ತ್ವಜ್ಞಾನಿ ಕಾಂಟನು ೧೭೯೫ರಲ್ಲಿ ಶಾಶ್ವತಶಾಂತಿಯನ್ನು ಕುರಿತು ಬರೆದಾಗ ಈ ಅಂಜಿಕೆಯಿಂದಲೇ ಜಗದೇಕಸಾಮ್ರಾಜ್ಯವನ್ನು ಒಪ್ಪದೆ, ಸ್ವತಂತ್ರ ರಾಷ್ಟ್ರಗಳ ಒಕ್ಕೂಟವನ್ನು ಸೂಚಿಸಿದನು.

ಎರಡನೆಯ ತೊಡಕು, ಮತಗಳನ್ನು ಎಣಿಸುವ ಬಗೆ. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ೧೯೩ ಸದಸ್ಯರಿಗೂ ಒಂದೊಂದೇ ಮತ. ಸುಮಾರು ಹತ್ತು ಸಾವಿರ ಜನರಿರುವ ಟುವಾಲು ದ್ವೀಪಗಳಿಗೂ ನೂರನಲವತ್ತು ಕೋಟಿ ಮೀರಿದ ಭಾರತಕ್ಕೂ ಸಮಾನ ತೂಕ. ಇದು ಅನ್ಯಾಯವೆಂದು ತಲೆಯೆಣಿಕೆಗೆ ಹೋದರೆ, ಲೋಕದ ಜನರಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಜನ ಭಾರತ ಚೀನಾಗಳೆರಡರಲ್ಲೇ ಇರುವರು; ಉಳಿದವರು ಒಪ್ಪುವರೇ? ಹಣದ ತೂಕಕ್ಕೆ ಹೋದರೆ ಧನಿಕರ ರಾಜ್ಯ. ಆಯುಧದ ತೂಕಕ್ಕೆ ಹೋದರೆ ಈಗಿನ ವೀಟೋ.

ಮೂರನೆಯದು, ದೂರ ಮತ್ತು ಭಾಷೆ. ಒಂದು ಕಾಲಕ್ಕೆ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಕಚೇರಿಯ ಕಾಗದವು ತನ್ನ ನುಡಿಯಲ್ಲಿಲ್ಲದವನ ಕಷ್ಟವೇನೆಂಬುದನ್ನು ಅನುಭವಿಸಿಯೇ ನಮ್ಮ ಹಿರಿಯರು ಏಕೀಕರಣಕ್ಕಾಗಿ ಹೋರಾಡಿ ೧೯೫೬ನೆಯ ನವೆಂಬರ್ ೧ರಂದು ಒಂದು ನಾಡನ್ನು ಪಡೆದರು. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು: ಅರಬ್ಬೀ, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ನಮ್ಮ ದೇಶದ ನುಡಿ ಅವುಗಳಲ್ಲಿ ಒಂದೂ ಇಲ್ಲ. ಲೋಕದ ರಾಜಧಾನಿಗೆ ಅರ್ಜಿ ಬರೆದುಕೊಳ್ಳಬೇಕಾದ ಹಳ್ಳಿಯ ವಿಧವೆಯ ಪಾಡನ್ನು ಊಹಿಸಿಕೊಳ್ಳಿರಿ.

ನಾಲ್ಕನೆಯದು, ಬಾಗಿಲಿನ ಪ್ರಶ್ನೆ. ಕೂಡಿದ ರಾಷ್ಟ್ರವು ಬೇಡವೆನಿಸಿದಾಗ ಹೊರಡಬಹುದೇ? ಐರೋಪ್ಯ ಒಕ್ಕೂಟದಲ್ಲಿ ಬಾಗಿಲುಂಟು. ೨೦೧೬ರ ಜನಮತಗಣನೆಯ ಪ್ರಕಾರ ಬ್ರಿಟನ್ನು ೨೦೨೦ನೆಯ ಜನವರಿ ೩೧ರಂದು ಹೊರಬಿದ್ದಿತು. ಬಹಳ ಕಲಹವಾಯಿತು, ರಕ್ತ ಹರಿಯಲಿಲ್ಲ. ಅಮೆರಿಕಾದ ದಕ್ಷಿಣ ಸಂಸ್ಥಾನಗಳು ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ೧೮೬೧ರಲ್ಲಿ ಒಕ್ಕೂಟದಿಂದ ಹೊರಡಲೆಳಸಿದಾಗ ನಾಲ್ಕು ವರ್ಷ ಯುದ್ಧವಾಗಿ ಆರು ಲಕ್ಷಕ್ಕೂ ಮಿಕ್ಕ ಜನರು ಮಡಿದರು. ಬಾಗಿಲಿದ್ದರೆ ಬಲಿಷ್ಠನು ಜಪಾನಿನಂತೆ ಎದ್ದುಹೋಗುವನು. ಬಾಗಿಲಿಲ್ಲದಿದ್ದರೆ ಹೊರಡುವವನನ್ನು ಕತ್ತಿಯಿಂದ ತಡೆಯಬೇಕು. ಆಗ ಯುದ್ಧವು ನಿಂತಂತಾಗಲಿಲ್ಲ. ಅದಕ್ಕೆ ದಂಗೆಯೆಂಬ ಬೇರೆ ಹೆಸರು ಬಂದಿತು, ಅಷ್ಟೆ.

ಒಂದು ಕಡೆ ಸಂಘದ ದುರ್ಬಲತೆ, ಇನ್ನೊಂದು ಕಡೆ ಚಕ್ರಾಧಿಪತ್ಯದ ಭಯ. ಹಾಗೆಂದು ಕೈಕಟ್ಟಿ ಕೂಡಬೇಕಾಗಿಲ್ಲ. ಸಿಂಹಾಸನವಿಲ್ಲದೆಯೂ ಲೋಕವು ಒಂದಾಗಿ ನಡೆಯಿಸಿದ ಕಾರ್ಯಗಳುಂಟು. ಹಿಂದೆ ಒಂದು ಕಾಗದವು ಪರದೇಶಕ್ಕೆ ಹೋಗಬೇಕಾದರೆ ದಾರಿಯಲ್ಲಿನ ದೇಶಗಳಿಗೆಲ್ಲ ಬೇರೆ ಬೇರೆ ದರ ಸಲ್ಲಬೇಕಾಗಿದ್ದಿತು. ೧೮೭೪ನೆಯ ಅಕ್ಟೋಬರ್ ೯ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ೨೨ ರಾಷ್ಟ್ರಗಳು ಕೂಡಿ, ಟಪಾಲಿನ ಮಟ್ಟಿಗೆ ತಮ್ಮೆಲ್ಲರ ನೆಲವೂ ಒಂದೇ ಎಂದು ನಿಶ್ಚಯಿಸಿದುವು. ೧೮೭೬ರಲ್ಲಿ ಭಾರತವೂ ಸೇರಿತು. ಎರಡು ಮಹಾಯುದ್ಧಗಳನ್ನು ದಾಟಿ ಆ ಒಕ್ಕೂಟವು ಇಂದಿಗೂ ನಡೆಯುತ್ತಿದೆ. ಇಲ್ಲಿ ಯಾವ ದೇಶವೂ ತನ್ನ ಅಂಚೆಚೀಟಿಯನ್ನಾಗಲಿ ಪೇದೆಯನ್ನಾಗಲಿ ಬಿಟ್ಟುಕೊಡಲಿಲ್ಲ.

ಸಿಡುಬಿನ ವಿಷಯವೂ ಇಂಥದೇ. ಹಿರಿಯರ ತೋಳಿನ ಮೇಲೆ ದೇವಿ ಹಾಕಿಸಿಕೊಂಡ ಗುರುತು ಇಂದಿಗೂ ಕಾಣುವುದು. ಮೊಮ್ಮಕ್ಕಳ ತೋಳಿನಲ್ಲಿ ಅದಿಲ್ಲ. ಅಮೆರಿಕಾ ರಷ್ಯಾಗಳು ಪರಸ್ಪರ ಹಗೆತನದಲ್ಲಿದ್ದ ಕಾಲದಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ಮುಖಾಂತರ ಈ ಕಾರ್ಯದಲ್ಲಿ ಇಬ್ಬರೂ ಕೈಜೋಡಿಸಿದರು. ೧೯೬೭ರಲ್ಲಿ ಭರದಿಂದ ಆರಂಭವಾದ ಯತ್ನವು, ಭಾರತದ ಕಡೆಯ ಪ್ರಕರಣವನ್ನು ೧೯೭೫ರಲ್ಲಿ ಕಂಡು, ೧೯೮೦ನೆಯ ಮೇ ೮ರಂದು ಲೋಕದಿಂದಲೇ ಸಿಡುಬು ಅಳಿಯಿತೆಂಬ ಘೋಷಣೆಯಲ್ಲಿ ಮುಗಿಯಿತು. ಆದರೆ ಈ ಪುಣ್ಯಕಾರ್ಯದಲ್ಲಿಯೂ ಒಲ್ಲದವರನ್ನು ಹಿಡಿದು ಬಲಾತ್ಕಾರದಿಂದ ಚುಚ್ಚಿದ ಪ್ರಸಂಗಗಳು ನಮ್ಮ ದೇಶದಲ್ಲಿಯೇ ನಡೆದುವು. ಸದುದ್ದೇಶವಿರುವ ಅಧಿಕಾರಕ್ಕೂ ಅಂಕೆ ಬೇಕೆಂಬುದಕ್ಕೆ ಇದು ಸಾಕ್ಷಿ.

ಟಪಾಲು, ಸಿಡುಬುಗಳಲ್ಲಿ ಎಲ್ಲರಿಗೂ ಲಾಭವಿತ್ತು. ಒಬ್ಬನು ಸೋಲಲೇಬೇಕಾದ ವ್ಯಾಜ್ಯದಲ್ಲಿ ಗತಿಯೇನೆಂದು ವಾಚಕರು ಕೇಳಬಹುದು. ಅದಕ್ಕೆ ಎರಡು ತೀರ್ಪುಗಳನ್ನು ಹೋಲಿಸೋಣ. ಬಂಗಾಳಕೊಲ್ಲಿಯ ಗಡಿಯನ್ನು ಕುರಿತು ಭಾರತಕ್ಕೂ ಬಾಂಗ್ಲಾದೇಶಕ್ಕೂ ಇದ್ದ ವಿವಾದವನ್ನು ಮಧ್ಯಸ್ಥ ಮಂಡಲಿಯೊಂದು ೨೦೧೪ನೆಯ ಜುಲೈಯಲ್ಲಿ ತೀರ್ಮಾನಿಸಿತು. ವಿವಾದದಲ್ಲಿದ್ದ ೨೫,೬೦೨ ಚದರ ಕಿಲೋಮೀಟರು ಕಡಲಿನಲ್ಲಿ ೧೯,೪೬೭ ಬಾಂಗ್ಲಾದೇಶಕ್ಕೆ ಹೋಯಿತು. ನೆರೆಯವರಿಗಿಂತ ಎಷ್ಟೋ ಪಟ್ಟು ಬಲಿಷ್ಠವಾದ ನಮ್ಮ ದೇಶವು ಅದನ್ನು ಅಂಗೀಕರಿಸಿತು. ೨೦೧೬ನೆಯ ಜುಲೈಯಲ್ಲಿ, ದಕ್ಷಿಣ ಚೀನಾ ಸಮುದ್ರವನ್ನು ಕುರಿತು ಇಂಥದೇ ಮಂಡಲಿಯೊಂದು ಫಿಲಿಪೈನ್ಸಿನ ಪರವಾಗಿ ತೀರ್ಪು ಕೊಟ್ಟಿತು. ಚೀನಾ ಅದನ್ನು ಲೆಕ್ಕಿಸಲಿಲ್ಲ. ಎರಡು ಕಡೆಯೂ ತೀರ್ಪನ್ನು ನಡೆಯಿಸುವ ಲೋಕಪೊಲೀಸರಿರಲಿಲ್ಲ. ವ್ಯತ್ಯಾಸವೆಲ್ಲ ಸೋತವನ ನಡತೆಯಲ್ಲಿ.

ನನ್ನ ಅಭಿಪ್ರಾಯವು ಇಷ್ಟು. ಲೋಕಕ್ಕೆ ಎಲ್ಲರ ಮೇಲೂ ಸಲ್ಲುವ ಒಂದು ಧರ್ಮವು ಇಂದೇ ಬೇಕು. ಎಲ್ಲರ ಮೇಲೂ ಕತ್ತಿ ಹಿಡಿದ ಒಬ್ಬ ದೊರೆಯು ಇಂದು ಬೇಡ. ಮೊದಲು ನ್ಯಾಯಪೀಠ, ಅದಕ್ಕೆ ಬಲಿಷ್ಠನೂ ತಲೆಬಾಗುವ ಅಭ್ಯಾಸ. ಆಮೇಲೆ, ರೋಗ, ಹವೆ, ಸಮುದ್ರ, ಪರಮಾಣು ಈ ಬಗೆಯ, ಯಾವ ದೇಶವೂ ಒಂಟಿಯಾಗಿ ನಿರ್ವಹಿಸಲಾರದ ಕಾರ್ಯಗಳಿಗೆ ಎಲ್ಲೆ ಕಟ್ಟಿದ ಅಧಿಕಾರ ಮತ್ತು ಸಾಕಷ್ಟು ಹಣ. ಶಾಲೆ, ಭಾಷೆ, ದೇವರು, ಹೊಲ ಇವು ಊರಿನ ಮತ್ತು ನಾಡಿನ ಕೈಯಲ್ಲಿಯೇ ಇರಲಿ. ಕತ್ತಿಯನ್ನು ಕೊಡುವುದೇ ಆದರೆ ಕಟ್ಟಕಡೆಗೆ. ಅದೂ ಪೃಥುವಿನಂತೆ ಪ್ರತಿಜ್ಞೆ ಮಾಡಿಸಿದ ಮೇಲೆ. ನಿಧಾನವಾದ ಈ ದಾರಿಯಲ್ಲಿ ಅಪಾಯವಿಲ್ಲವೆಂದು ಹೇಳೆನು. ೧೨ ಸಾವಿರ ಸಿಡಿತಲೆಗಳು ನಮಗಾಗಿ ಕಾದಿರುವುವೆಂಬ ಭರವಸೆ ಯಾರೂ ಕೊಡಲಾರರು. ಆದರೆ ಅವಸರದಿಂದ ಏರಿಸಿದ ಒಡೆಯನನ್ನು ಇಳಿಸುವ ಉಪಾಯವು ಕಾಣದಿರುವಾಗ, ಹೆಜ್ಜೆಯನ್ನು ಅಳೆದು ಇಡುವುದೇ ಯುಕ್ತ.

ನಮ್ಮ ಸಂವಿಧಾನದ ೫೧ನೆಯ ಅನುಚ್ಛೇದವು ಅಂತರರಾಷ್ಟ್ರೀಯ ವಿವಾದಗಳನ್ನು ಮಧ್ಯಸ್ಥಿಕೆಯಿಂದ ತೀರಿಸಿಕೊಳ್ಳುವುದನ್ನು ಪ್ರೋತ್ಸಾಹಿಸಬೇಕೆಂದು ರಾಜ್ಯಕ್ಕೆ ವಿಧಿಸುವುದು. ಇದು ಸರಕಾರಕ್ಕೆ ಹೇಳಿದ ಮಾತಾದರೂ, ಇದನ್ನು ನಡೆಯಿಸುವ ಧೈರ್ಯವನ್ನು ಸರಕಾರಕ್ಕೆ ಕೊಡಬೇಕಾದವರು ಜನರು. ತೀರ್ಪು ನಮ್ಮ ವಿರುದ್ಧವಾದ ದಿನ, ಅದನ್ನು ಒಪ್ಪಿದ ಮಂತ್ರಿಯನ್ನು ಹೇಡಿಯೆಂದು ಹಳಿಯುವ ಜನರಿದ್ದರೆ ಯಾವ ಮಂತ್ರಿಯೂ ಎರಡನೆಯ ಸಲ ಒಪ್ಪನು. ಸೋತಾಗಲೂ ನ್ಯಾಯಕ್ಕೆ ತಲೆಬಾಗುವುದು ಮಾನಹಾನಿಯಲ್ಲವೆಂಬುದನ್ನು ಮಕ್ಕಳಿಗೆ ಮನೆಯಲ್ಲಿ ಕಲಿಸಬೇಕು. ಅಣ್ಣತಮ್ಮಂದಿರು ಆಸ್ತಿಯನ್ನು ಪಾಲುಮಾಡಿಕೊಳ್ಳುವಾಗ, ಬಲ್ಲವರು ಹೇಳಿದ ಪಾಲನ್ನು ಹಿರಿಯಣ್ಣನು ತನಗೆ ಕಡಮೆಯಾದರೂ ಒಪ್ಪಿಕೊಂಡುದನ್ನು ಕಂಡ ಮಕ್ಕಳಿಗೆ ಈ ಪಾಠವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.